ಹಳೆ ಬೈಕಿನ ಹ್ಯಾಂಡಲ್ ಮೈಗೆ ಒಗ್ಗುತ್ತಿಲ್ಲವೇ? ಬದಲಿಸುವ ಮುನ್ನ ನೋವಿನ ಜಾಡು ಹಿಡಿಯಿರಿ

ಪುಣೆಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಒಬ್ಬರ ಬಳಿಯಾದರೂ ಹಳೆ ಗಾಡಿ ಇರುತ್ತದೆ. ಅಪ್ಪ ಓಡಿಸುತ್ತಿದ್ದ ಸಿಡಿ 100, ಊರಿಂದ ತಂದ ಆರ್‌ಎಕ್ಸ್ 100, ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚುವ ಮೊದಲು ತಯಾರಾದ ಯೆಜ್ಡಿ, ಇಲ್ಲವೇ ಹಳೆ ಬುಲೆಟ್. ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ. ಆದರೆ ಕತ್ರಜ್‌ನಿಂದ ಹಿಂಜವಡಿಗೆ ಹೋಗಿ ಬರುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಹ್ಯಾಂಡಲ್ ಬದಲಿಸು."

ಬದಲಿಸಬಹುದು. ಆದರೆ ತಪ್ಪು ಹ್ಯಾಂಡಲಿನದ್ದೇ ಅಂತ ಗೊತ್ತಾದ ಮೇಲೆ. ಬಹಳಷ್ಟು ಸಲ ತಪ್ಪು ಕುಸಿದ ಸೀಟಿನದ್ದು, ಒಣಗಿದ ಕ್ಲಚ್ ವೈರಿನದ್ದು, ಇಲ್ಲವೇ ಎಂದೋ ಬಿದ್ದಾಗ ತಿರುಚಿಕೊಂಡ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನದ್ದು. ಅಂಥ ಗಾಡಿಗೆ ಹೊಸ ಹ್ಯಾಂಡಲ್ ಹಾಕಿದರೆ ದುಡ್ಡೂ ಹೋಯಿತು, ನೋವೂ ಉಳಿಯಿತು. ನಿಜಕ್ಕೂ ಹ್ಯಾಂಡಲಿನದ್ದೇ ತಪ್ಪಾಗಿದ್ದರೂ ಬೇಕಾಗುವುದು ಸಾಮಾನ್ಯವಾಗಿ ಒಂದು ಇಂಚಿನ ಬದಲಾವಣೆ. ಅಂಗಡಿಯಲ್ಲಿ ಥಳಥಳ ಹೊಳೆಯುವ ನಾಲ್ಕು ಇಂಚಿನದ್ದಲ್ಲ.

ಹಾಗಾಗಿ ಇಲ್ಲಿ ನೋವಿನಿಂದಲೇ ಶುರು ಮಾಡಿದ್ದೇನೆ. ನಿಮಗೆ ಎಲ್ಲಿ ನೋಯುತ್ತದೋ ಆ ಭಾಗ ಓದಿ. ಅದಕ್ಕೂ ಮೊದಲು ಕಾಸು ಖರ್ಚಿಲ್ಲದ ನಾಲ್ಕು ಕೆಲಸ ಮುಗಿಸಿಬಿಡೋಣ.

ಯಾವ ನೋವೇ ಇರಲಿ, ಮೊದಲು ಇಷ್ಟು ನೋಡಿ

ಎರಡೂ ಟೈರಿನ ಗಾಳಿ ನೋಡಿ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಗಾಡಿ ತಿರುಗಿಸಲು ಜಾಸ್ತಿ ಬಲ ಬೇಕು. ಆ ಭಾರವೆಲ್ಲ ಭುಜದ ಮೇಲೆ ಬೀಳುತ್ತದೆ.

ಆಮೇಲೆ ಲಿವರ್. ಸೀಟಿನ ಮೇಲೆ ಯಾವಾಗಲೂ ಕೂರುವ ಹಾಗೆ ಕೂತು, ಕೈ ಹಿಡಿಕೆಯ ಮೇಲಿಟ್ಟು, ಬೆರಳು ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಹೆಚ್ಚುಕಡಿಮೆ ಒಂದೇ ಗೆರೆ ಬರಬೇಕು. ಲಿವರ್ ಆ ಗೆರೆಯಲ್ಲೇ ಸಿಗಬೇಕು. ತೀರಾ ಮೇಲಿದ್ದರೆ ಪ್ರತಿ ಸಲ ಕ್ಲಚ್ ಹಿಡಿಯುವಾಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಸಿಗ್ನಲ್‌ಗೊಮ್ಮೆ, ಗುಂಡಿಗೊಮ್ಮೆ ಅಂತ ಲೆಕ್ಕ ಹಾಕಿದರೆ ದಿನಕ್ಕೆ ಎಷ್ಟು ಸಲ ಆಯಿತು ಯೋಚಿಸಿ. ಲಿವರ್ ಹಿಡಿದಿರುವ ಬೋಲ್ಟ್ ಸ್ವಲ್ಪ ಸಡಿಲಿಸಿ, ತಿರುಗಿಸಿ, ಮತ್ತೆ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಮುಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಯಾದರೆ ಆಯಿಲ್ ಡಬ್ಬಿ ತೀರಾ ವಾಲದಂತೆ ನೋಡಿಕೊಳ್ಳಿ.

ಮೂರನೆಯದು ಸೀಟು. ಹಳೆ ಗಾಡಿಗಳಲ್ಲಿ ಫೋಮ್ ಕುಸಿದು, ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿರುತ್ತದೆ. ನೀವು ಮುಂದಕ್ಕೆ ಜಾರುತ್ತೀರಿ, ಗೊತ್ತಿಲ್ಲದೆಯೇ ಕೈಯಿಂದ ಹಿಂದಕ್ಕೆ ತಳ್ಳಿಕೊಳ್ಳುತ್ತೀರಿ. ಅಂಗೈ ನೋವಿಗೆ ಇಷ್ಟೇ ಸಾಕು. ಗಾಡಿಯನ್ನು ಮೈನ್ ಸ್ಟ್ಯಾಂಡ್ ತೆಗೆದು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಯಾರಾದರೂ ಹಿಡಿದುಕೊಳ್ಳಲಿ. ನೀವು ಪಕ್ಕದಿಂದ ನೋಡಿ. ಸೀಟಿನ ಮೇಲೆ ಒಂದು ಗೋಲಿ ಇಟ್ಟರೆ ಟ್ಯಾಂಕಿನತ್ತ ಉರುಳುವಂತಿದ್ದರೆ ಮೊದಲು ಸೀಟ್ ಹೊಲಿಯುವವರ ಬಳಿ ಹೋಗಿ. ಹ್ಯಾಂಡಲ್ ಅಂಗಡಿಗೆ ಆಮೇಲೆ ಹೋದರಾಯಿತು.

ಕೊನೆಯದಾಗಿ, ಹ್ಯಾಂಡಲ್ ತನ್ನನ್ನು ನಡುವೆ ಕಚ್ಚಿ ಹಿಡಿದಿರುವ ಕ್ಲಾಂಪಿನಲ್ಲಿ ತಿರುಗಿಕೊಂಡಿದೆಯಾ ನೋಡಿ. ಎಷ್ಟೋ ಗಾಡಿಗಳಲ್ಲಿ ಹ್ಯಾಂಡಲಿನ ನಡುಭಾಗದಲ್ಲಿ ಚಿಕ್ಕ ಚುಕ್ಕೆ ಗುರುತು ಇರುತ್ತದೆ. ಅದು ಕ್ಲಾಂಪಿನ ಅಂಚಿಗೆ ಸರಿಯಾಗಿ ಕೂರಬೇಕು. ಹಿಂದಿನ ಮಾಲೀಕರು ಸರ್ವಿಸ್ ಮಾಡಿಸಿದಾಗ ಯಾರೋ ಅಂದಾಜಿನಲ್ಲಿ ಬಿಗಿದಿರುತ್ತಾರೆ. ಕೆಲವೇ ಡಿಗ್ರಿ ಹಿಂದಕ್ಕೋ ಮುಂದಕ್ಕೋ ತಿರುಗಿಸಿದರೆ ಕೈಗೆ ಬೇರೆ ಗಾಡಿಯೇ ಅನಿಸುತ್ತದೆ.

ಇಷ್ಟೂ ಮಾಡಿ ಎರಡು ಮೂರು ದಿನ ಓಡಿಸಿ. ನೋವು ಹೋದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ

ಅಂಗೈಯ ಹೊರ ಅಂಚಿನಲ್ಲಿ, ಕಿರುಬೆರಳಿನ ಕೆಳಗೆ ಒಂದು ನರ ಹಾದುಹೋಗುತ್ತದೆ. ವೈದ್ಯರು ಅಲ್ನರ್ ನರ ಅನ್ನುತ್ತಾರೆ. ಈ ಎರಡು ಬೆರಳಿಗೆ ಸ್ಪರ್ಶ ಕೊಡುವುದು ಅದೇ. ಮೈಭಾರ ಅಂಗೈಯ ಬುಡದ ಮೇಲೆ ಕೂತರೆ ಅದು ಒತ್ತುತ್ತದೆ. ಸೈಕಲ್ ತುಳಿಯುವವರಿಗೂ ಈ ತೊಂದರೆ ಮಾಮೂಲು.

ಗಾಡಿಯ ಭಾಷೆಯಲ್ಲಿ ಇದರ ಅರ್ಥ ಎರಡರಲ್ಲೊಂದು. ಹ್ಯಾಂಡಲ್ ತೀರಾ ಕೆಳಗೋ ದೂರವೋ ಇದೆ, ನೀವು ಅದರ ಮೇಲೆ ಬಿದ್ದುಕೊಂಡು ಓಡಿಸುತ್ತಿದ್ದೀರಿ. ಇಲ್ಲವೇ ಹಿಡಿಕೆಯ ತುದಿಗಳು ಹಿಂದಕ್ಕೆ ಬಾಗದೆ ನೇರವಾಗಿವೆ, ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟಗಾಗುತ್ತಿದೆ.

ಯಾವುದು ಅಂತ ತಿಳಿಯಲು ಸುಲಭ ದಾರಿ ಇದೆ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು, ಹೊಟ್ಟೆ ಬಿಗಿ ಮಾಡಿ, ಕೈಯನ್ನು ಹಗುರ ಮಾಡಿ. ಹಿಡಿತ ಬಿಡಬೇಡಿ. ಭಾರ ಮಾತ್ರ ತೆಗೆಯಿರಿ. ಜೋಮು ಇಳಿದರೆ ತೊಂದರೆ ಎತ್ತರ ಅಥವಾ ದೂರದ್ದು. ಇಳಿಯದಿದ್ದರೆ ಹಿಡಿಕೆಯ ಕೋನದ್ದು.

ಹಿಂದಿನ ಮಾಲೀಕರು ಚಂದಕ್ಕೆಂದು ಕ್ಲಿಪ್ ಆನ್ (ಫೋರ್ಕಿಗೇ ಕಚ್ಚಿಸುವ ತಗ್ಗಿನ ಹ್ಯಾಂಡಲ್) ಅಥವಾ ಡ್ರ್ಯಾಗ್ ಬಾರ್ (ಸಪಾಟಾದ ನೇರ ಹ್ಯಾಂಡಲ್) ಹಾಕಿಸಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಮಾಡೆಲ್‌ಗೆ ಕಂಪನಿ ಕೊಟ್ಟ ಮೂಲ ಹ್ಯಾಂಡಲ್ ಹುಡುಕಿ ವಾಪಸ್ ಹಾಕಿಸಿ. ನನ್ನ ಮಟ್ಟಿಗೆ ಅದಕ್ಕಿಂತ ಅಗ್ಗದ, ಖಾತ್ರಿಯ ಮದ್ದು ಇಲ್ಲ. ಹಳೆ ಸಿಡಿ 100 ಥರದ ಗಾಡಿಗಳ ಮೂಲ ಹ್ಯಾಂಡಲ್ ನೋಡಲು ಸಪ್ಪೆ. ಕೂತರೆ ಮಾತ್ರ ಆರಾಮ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತವೆ

ಇದು ಬೇರೆ ನರ. ಮಣಿಕಟ್ಟಿನ ನಡುವೆ ಇಕ್ಕಟ್ಟಾದ ಹಾದಿಯಲ್ಲಿ ಬರುವ ಮೀಡಿಯನ್ ನರ. ಮಣಿಕಟ್ಟು ಹಿಂದಕ್ಕೆ ಮಡಚಿದಷ್ಟೂ ಆ ಹಾದಿ ಇನ್ನೂ ಇಕ್ಕಟ್ಟಾಗುತ್ತದೆ. ಲಿವರ್ ಎತ್ತರ, ಹ್ಯಾಂಡಲಿನ ತಿರುವು, ಹಿಡಿಕೆಯ ದಪ್ಪ ಈ ಮೂರನ್ನು ಮೊದಲು ನೋಡಿ. ದೊಡ್ಡ ಕೈಯವರಿಗೆ ಸಣ್ಣ ಹಿಡಿಕೆ ಇದ್ದರೆ ಮುಷ್ಟಿ ಜಾಸ್ತಿ ಬಿಗಿಯುತ್ತದೆ. ವರ್ಷಾನುಗಟ್ಟಲೆ ಬಿಸಿಲು ಕುಡಿದ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಗ್ರಿಪ್ ಒಂದೇ ಬದಲಿಸಿ ನೋಡಿ.

ಇಲ್ಲಿ ಒಂದು ಎಚ್ಚರಿಕೆ. ಜೋಮು ಗಾಡಿ ಇಳಿದ ಸ್ವಲ್ಪ ಹೊತ್ತಿಗೆ ಹೋಗಬೇಕು. ರಾತ್ರಿ ಮಲಗಿದಾಗ ಎಚ್ಚರವಾಗುವಷ್ಟು ಜುಮ್ಮೆಂದರೆ, ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ಕೈಯಿಂದ ಲೋಟ ಜಾರಿದರೆ ಅದು ಹ್ಯಾಂಡಲಿನ ವಿಷಯ ದಾಟಿತು. ಮೂಳೆ ಅಥವಾ ನರದ ವೈದ್ಯರನ್ನು ನೋಡಿ. ಎಡ ತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಗಾಡಿ ಬದಿಗೆ ಹಾಕಿ. ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಫೋನ್ ಮಾಡಿ.

ಒಂದೇ ಕೈ ನೋಯುತ್ತದೆ

ಎಡಗೈ ಮಾತ್ರ ನೋಯುತ್ತಿದ್ದರೆ ಹ್ಯಾಂಡಲ್ ಬಿಟ್ಟು ಕ್ಲಚ್ ವೈರ್ ಹಿಡಿಯಿರಿ. ಲಿವರ್ ಕಡೆಯ ತುದಿ ಬಿಚ್ಚಿ, ಒಳಗಿನ ತಂತಿಯನ್ನು ಕೈಯಲ್ಲಿ ಎಳೆದು ನೋಡಿ. ಸಲೀಸಾಗಿ ಜಾರಬೇಕು. ಕರಕರ ಅಂದರೆ, ಅರ್ಧದಲ್ಲಿ ಹಿಡಿದರೆ, ಒಂದೆರಡು ಎಳೆ ಬಿಚ್ಚಿಕೊಂಡಿದ್ದರೆ ಹೊಸದು ಹಾಕಿ. ವೈರ್ ಎಲ್ಲಾದರೂ ಮೊಂಡಾಗಿ ಮಡಚಿದೆಯಾ ಅಂತಲೂ ನೋಡಿ. ಹೆಡ್‌ಲೈಟ್ ಹಿಂದೆ, ಟ್ಯಾಂಕಿನ ಕೆಳಗೆ ಹೀಗಾಗುವುದು ಜಾಸ್ತಿ. ಹೊಸ ವೈರ್ ಹಾಕಿದರೂ ಕ್ಲಚ್ ಗಟ್ಟಿಯೇ ಇದ್ದರೆ ತೊಂದರೆ ಎಂಜಿನ್ ಕಡೆಯ ಲಿವರಿನಲ್ಲೋ ಕ್ಲಚ್ ಸ್ಪ್ರಿಂಗಿನಲ್ಲೋ ಇದೆ. ಅದು ಗ್ಯಾರೇಜ್ ಮೇಸ್ತ್ರಿಯ ಕೆಲಸ.

ಬಲಗೈ ಮಾತ್ರವಾದರೆ ಆಕ್ಸಿಲರೇಟರ್. ಹಿಡಿಕೆ ತಿರುಗಿಸಿ ಬಿಟ್ಟರೆ ಟಪ್ ಅಂತ ತಾನೇ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ನೋವಿನ ಮಾತು ಆಮೇಲೆ. ಮೊದಲು ಅದು ಅಪಾಯ. ಹಿಡಿಕೆ ಬಿಚ್ಚಿ, ಒಳಗಿನ ಹಳೆ ಗ್ರೀಸ್, ಕೊಳೆ ಒರೆಸಿ, ವೈರಿಗೆ ಎಣ್ಣೆ ಬಿಟ್ಟು ಹಾಕಿ. ಎಷ್ಟೋ ಸಲ ಹೊಸ ಗ್ರಿಪ್ಪಿನ ತುದಿ ಹ್ಯಾಂಡಲ್ ತುದಿಗೆ ಹಾಕಿರುವ ತೂಕಕ್ಕೋ ಸ್ವಿಚ್ ಡಬ್ಬಿಗೋ ಉಜ್ಜುತ್ತಿರುತ್ತದೆ. ಒಂದೆರಡು ಮಿಲಿಮೀಟರ್ ಸರಿಸಿದರೆ ಸಾಕು.

ಎರಡೂ ಕೈ ಝುಂ ಎನ್ನುತ್ತದೆ

ನಡುಕಕ್ಕೆ ಒಂದು ಪರೀಕ್ಷೆ ಇದೆ, ಖರ್ಚಿಲ್ಲ. ಒಂದೇ ವೇಗದಲ್ಲಿ, ಉದಾಹರಣೆಗೆ 45ರಲ್ಲಿ, ಮೂರನೇ ಗೇರ್‌ನಲ್ಲೂ ನಾಲ್ಕನೇ ಗೇರ್‌ನಲ್ಲೂ ಓಡಿಸಿ. ಗೇರ್ ಬದಲಿಸಿದಾಗ ನಡುಕ ಬದಲಾದರೆ ಅದು ಎಂಜಿನ್ ಕಡೆಯದು. ಗೇರ್ ಯಾವುದೇ ಇರಲಿ ಅದೇ ವೇಗಕ್ಕೆ ಬಂದರೆ ಚಕ್ರ, ಟೈರ್, ರಿಮ್ ಕಡೆಯದು.

ಎಂಜಿನ್ ಕಡೆಯದಾದರೆ ಫೌಂಡೇಶನ್ ಬೋಲ್ಟ್ ಅಂತ ಮೇಸ್ತ್ರಿಗಳು ಕರೆಯುವ, ಎಂಜಿನ್ನನ್ನು ಚಾಸಿಸ್‌ಗೆ ಹಿಡಿದಿಡುವ ಬೋಲ್ಟುಗಳನ್ನು ನೋಡಿ. ಹಳೆ ಗಾಡಿಗಳಲ್ಲಿ ಒಂದಾದರೂ ಸಡಿಲ ಸಿಗುತ್ತದೆ. ಆಮೇಲೆ ಹ್ಯಾಂಡಲ್ ಕ್ಲಾಂಪು. ಕೆಲವು ಗಾಡಿಗಳಲ್ಲಿ ಅದರ ಕೆಳಗೆ ರಬ್ಬರ್ ಬುಶ್ ಇರುತ್ತದೆ. ಬುಶ್ ಹೋಗಿದ್ದರೆ ಹ್ಯಾಂಡಲ್ ಹಿಡಿದು ಹಿಂದೆ ಮುಂದೆ ಎಳೆದಾಗ ಚಕ್ರ ಅಲ್ಲಾಡದೆ ಹ್ಯಾಂಡಲ್ ಮಾತ್ರ ಓಲಾಡುತ್ತದೆ.

ಒಂದೇ ಸಿಲಿಂಡರಿನ ದೊಡ್ಡ ಎಂಜಿನ್ ಸ್ವಲ್ಪ ನಡುಗಿಯೇ ನಡುಗುತ್ತದೆ. ಹಳೆ ಬುಲೆಟ್ಟಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅಲ್ವಾ. ಹ್ಯಾಂಡಲ್ ತುದಿಗೆ ಹಾಕುವ ತೂಕ ಆ ನಡುಕವನ್ನು ಅಳಿಸುವುದಿಲ್ಲ. ಹ್ಯಾಂಡಲ್ ಅತಿ ಜಾಸ್ತಿ ಅದುರುವ ಆರ್‌ಪಿಎಂ ಅನ್ನು ಬೇರೆ ಕಡೆ ಸರಿಸುತ್ತದೆ. ನೀವು ಸದಾ ಓಡಿಸುವ ವೇಗದಿಂದ ಅದು ಆಚೆ ಸರಿದರೆ ಲಾಭ. ಇಲ್ಲದಿದ್ದರೆ ಸುಮ್ನೆ ಭಾರ. ಹ್ಯಾಂಡಲ್ ಒಳಗೆ ಮರಳು ತುಂಬುವ ಉಪಾಯ ಕೆಲವರು ಹೇಳುತ್ತಾರೆ. ಮರಳಿನಲ್ಲಿ ತೇವ ಉಳಿದರೆ ಕಬ್ಬಿಣದ ಪೈಪು ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣುವುದಿಲ್ಲ. ಬೇಡ.

ಭುಜ, ಕುತ್ತಿಗೆ, ಸೊಂಟ

ಭುಜದ ಹಲಗೆಗಳ ನಡುವೆ ಉರಿದರೆ ಹ್ಯಾಂಡಲ್ ದೂರ ಇದೆ, ಅಥವಾ ನಿಮ್ಮ ಭುಜಕ್ಕಿಂತ ತೀರಾ ಅಗಲ ಇದೆ. ಯೂ ಟರ್ನ್ ತೆಗೆಯುವಾಗ ಹೊರಗಿನ ಕೈ ಪೂರ್ತಿ ಚಾಚಿ, ಮೈಯನ್ನೂ ಆ ಕಡೆ ಎಳೆದುಕೊಳ್ಳಬೇಕಾದರೆ ಅಗಲ ಜಾಸ್ತಿ ಅಂತಲೇ ಅರ್ಥ. ಪೇಠೆಗಳ ಗಲ್ಲಿಗಳಲ್ಲಿ, ಪಿಎಂಪಿ ಬಸ್ಸು ಮತ್ತು ರಿಕ್ಷಾದ ನಡುವಿನ ಸಂದಿಯಲ್ಲಿ ಅಗಲ ಹ್ಯಾಂಡಲಿಗೆ ಬೇರೆಯದೇ ಕಷ್ಟ ಇದೆ.

ಸೊಂಟದ ವಿಷಯ ಸ್ವಲ್ಪ ತಿರುಗುಮುರುಗು. ಬೆನ್ನು ನೋವು ಅಂದ ಕೂಡಲೇ ಎತ್ತರದ ಹ್ಯಾಂಡಲ್ ಹಾಕಿಸುತ್ತಾರೆ. ಎತ್ತರದ ಹ್ಯಾಂಡಲ್ ಹಾಕಿದರೆ ನೆಟ್ಟಗೆ ಕೂರುತ್ತೀರಿ ನಿಜ. ಆದರೆ ಆಗ ಮೈಯ ಭಾರವೆಲ್ಲ ಬಾಲದ ಮೂಳೆಯ ಮೇಲೆ. ಪ್ರತಿ ಸ್ಪೀಡ್ ಬ್ರೇಕರ್ ನೇರ ಬೆನ್ನುಮೂಳೆಗೆ ಬಡಿಯುತ್ತದೆ. ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಕೈಕಾಲು ಅದರಲ್ಲಿ ಪಾಲು ತಗೊಳ್ಳುತ್ತವೆ. ಹೆದ್ದಾರಿಯಲ್ಲಂತೂ ಇನ್ನೂ ಬೇರೆ ಕಥೆ. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ಸಾತಾರಾ ದಾಟಿ ರಸ್ತೆ ತೆರೆದುಕೊಂಡ ಮೇಲೆ 80ರಲ್ಲಿ ಹೋದರೆ ಗಾಳಿ ಎದೆಗೆ ಗುದ್ದುತ್ತದೆ. ಎತ್ತರದ ಹ್ಯಾಂಡಲಿನವರು ಅಲ್ಲಿಂದ ಮುಂದೆ ಹ್ಯಾಂಡಲ್ ಹಿಡಿದು ಜೋತಾಡುತ್ತಿರುತ್ತಾರೆ. ಕೊಲ್ಹಾಪುರ ಬರುವಷ್ಟರಲ್ಲಿ ಭುಜ, ಕುತ್ತಿಗೆ ಎರಡೂ ಹೋಗಿರುತ್ತವೆ.

ಹಾಗಾಗಿ ಮೊದಲು ನಿರ್ಧರಿಸಿ: ಈ ಗಾಡಿ ಊರೊಳಗಿನದೋ, ಊರಿಗೆ ಹೋಗುವುದೋ? ಎರಡಕ್ಕೂ ಅಂದರೆ ಮೂಲ ಹ್ಯಾಂಡಲಿಗಿಂತ ಒಂದು ಇಂಚು ಎತ್ತರ, ಒಂದು ಇಂಚು ಹಿಂದೆ. ಅದಕ್ಕಿಂತ ಮೇಲೆ ಹೋಗಬೇಡಿ.

ಸೊಂಟ ನೋವಿಗೆ ಹಿಂದಿನ ಶಾಕ್ ಅಬ್ಸಾರ್ಬರನ್ನೂ ನೋಡಿ. ಹಿಂಭಾಗ ಒತ್ತಿ ಬಿಟ್ಟಾಗ ಒಂದು ಸಲ ಮೇಲೆ ಬಂದು ನಿಲ್ಲಬೇಕು. ಕುಣಿಯುತ್ತಿದ್ದರೆ ಶಾಕ್ ಮುಗಿದಿದೆ. ಮುಂದಿನ ಫೋರ್ಕ್ ಸ್ಪ್ರಿಂಗ್ ಕುಸಿದಿದ್ದರೆ ಗಾಡಿಯ ಮೂತಿ ಕೆಳಗಾಗಿ ಕೈ ಮೇಲೆ ಭಾರ ಬೀಳುತ್ತದೆ. ಹ್ಯಾಂಡಲ್ ತಗ್ಗಾಗಿದೆ ಅನಿಸುವುದು ಅದರಿಂದಲೂ ಇರಬಹುದು.

ಗಾಡಿ ನೇರ ಹೋಗುತ್ತದೆ, ಹ್ಯಾಂಡಲ್ ಸೊಟ್ಟ

ಇದೇ ಬಹಳ ಜನ ಗಮನಿಸದೆ ಬಿಡುವ ದೋಷ. ಒಂದು ಭುಜ ಮುಂದೆ, ಒಂದು ಹಿಂದೆ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸುತ್ತಾರೆ. ಒಂದು ಪಕ್ಕದ ಬೆನ್ನು ಮಾತ್ರ ನೋಯುತ್ತಿದ್ದರೆ ಮೊದಲು ಇದನ್ನು ನೋಡಿ.

ಭೋಸರಿ ಕಡೆ ಗ್ಯಾರೇಜ್ ಇಟ್ಟಿರುವ ವಿಜಯಪುರದ ಮೇಸ್ತ್ರಿಯೊಬ್ಬರಿದ್ದಾರೆ. "ಹ್ಯಾಂಡಲ್ ಔಟ್ ಆಗೇತಿ, ಹೊಸಾದು ಹಾಕ್ರಿ" ಅಂತ ಬಂದವರಿಗೆ ಅವರು ಹೇಳುವುದು ಒಂದೇ: "ತಡೀರಿ ಸರ, ದಾರ ಹಿಡಿದು ನೋಡೂಣು. ಹ್ಯಾಂಡಲ್ ಏನ್ ಓಡಿ ಹೋಗಂಗಿಲ್ಲ." ಮುಂದಿನ ಚಕ್ರ ನೇರ ಇಡಿಸುತ್ತಾರೆ. ಸೀಟಿನ ನಟ್ಟನಡುವೆ ಹಿಂದಕ್ಕೆ ಒಂದು ಗುರುತು ಹಾಕಿ, ಅಲ್ಲಿಂದ ಬಲ ಹಿಡಿಕೆಯ ತುದಿಗೆ ದಾರ ಎಳೆದು ಗಂಟು ಹಾಕುತ್ತಾರೆ. ಅದೇ ದಾರವನ್ನು ಎಡ ತುದಿಗೆ ತರುತ್ತಾರೆ. ಗಂಟು ತುದಿಗೆ ಸರಿಯಾಗಿ ಬಂದರೆ ಸರಿ. ಒಂದು ಕಡೆ ಹೆಬ್ಬೆರಳಿನಷ್ಟು ಮೊದಲೇ ನಿಂತರೆ ಏನೋ ಬಾಗಿದೆ ಅಂತ ಅರ್ಥ.

ಬಾಗಿದ್ದು ಹ್ಯಾಂಡಲೋ ಫೋರ್ಕೋ? ಇಲ್ಲಿನ ಗ್ಯಾರೇಜ್‌ಗಳಲ್ಲಿ ಫೋರ್ಕಿಗೆ ಚಿಮಟಾ ಅನ್ನುತ್ತಾರೆ. ಗಾಡಿ ಮುಂದೆ ನಿಂತು, ಚಕ್ರದ ನಡುಗೆರೆಯನ್ನೂ ಫೋರ್ಕಿನ ಮೇಲಿನ ಟೀಯನ್ನೂ (ಎರಡೂ ಪೈಪುಗಳನ್ನು ಮೇಲೆ ಹಿಡಿದಿಡುವ ಅಡ್ಡ ಭಾಗ) ಒಟ್ಟಿಗೆ ನೋಡಿ. ಟೀಗೂ ಚಕ್ರಕ್ಕೂ ಲಂಬ ಇಲ್ಲದಿದ್ದರೆ ಫೋರ್ಕ್ ತನ್ನ ಕ್ಲಾಂಪಿನಲ್ಲಿ ತಿರುಚಿಕೊಂಡಿದೆ. ಸಣ್ಣ ಬೀಳುವಿಕೆಯಲ್ಲೇ ಹೀಗಾಗುತ್ತದೆ. ಪೈಪು ಬಾಗಿರದಿದ್ದರೆ ಆಕ್ಸಲ್, ಮಡ್‌ಗಾರ್ಡ್ ಮತ್ತು ಟೀ ಬೋಲ್ಟುಗಳನ್ನು ಸಡಿಲಿಸಿ, ನೇರ ಮಾಡಿ, ಕ್ರಮವಾಗಿ ಬಿಗಿ ಮಾಡಿದರೆ ಸರಿಹೋಗುತ್ತದೆ. ಮೇಸ್ತ್ರಿಯ ಮುಂದೆ ಮಾಡಿಸಿ. ಪೈಪೇ ಬಾಗಿದ್ದರೆ, ಅಥವಾ ಚಾಸಿಸ್ ತಲೆಭಾಗದಲ್ಲಿ ಪೇಂಟ್ ಸುಕ್ಕುಗಟ್ಟಿ ಬಿರುಕು ಕಂಡರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಟೀ ಸರಿಯಿದ್ದು ಹ್ಯಾಂಡಲ್ ಮಾತ್ರ ಬಾಗಿದ್ದರೆ ಬದಲಿಸಿ. ಪೈಪ್ ತೂರಿಸಿ, ಬಿಸಿ ಮಾಡಿ ನೇರ ಮಾಡಿಕೊಡುತ್ತೇನೆ ಅನ್ನುವವರು ಎಲ್ಲ ಕಡೆ ಇದ್ದಾರೆ. ಒಮ್ಮೆ ಬಾಗಿದ ಕಬ್ಬಿಣವನ್ನು ಮತ್ತೆ ಬಾಗಿಸಿದರೆ ಅದೇ ಜಾಗದಲ್ಲಿ ಸೋಲುತ್ತದೆ. ಅಲ್ಯೂಮಿನಿಯಂ ಆದರೆ ಮುನ್ಸೂಚನೆಯೇ ಕೊಡದೆ ಮುರಿಯಬಹುದು. ವೆಲ್ಡಿಂಗ್ ಮಾಡಿದ ಹ್ಯಾಂಡಲನ್ನು ಪುಕ್ಕಟೆ ಕೊಟ್ಟರೂ ಬೇಡ.

ಇದರ ಜೊತೆಗೇ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ನೋಡಿಬಿಡಿ. ಮೈನ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ. ಟಕ್ ಅಂದರೆ ಸಡಿಲ. ಹ್ಯಾಂಡಲನ್ನು ಒಂದು ಬೆರಳಿನಿಂದ ನಿಧಾನಕ್ಕೆ ತಿರುಗಿಸಿ. ನಟ್ಟನಡುವೆ ಗೂಡಿಗೆ ಬಿದ್ದಂತೆ ನಿಂತರೆ ಬಾಲು ಕೂರುವ ಬಟ್ಟಲು ತಗ್ಗುಬಿದ್ದಿದೆ. ಅಂಥ ಗಾಡಿ ನಿಧಾನಕ್ಕೆ ಹೋಗುವಾಗ ಅತ್ತಿತ್ತ ಎಳೆಯುತ್ತದೆ, ಕೈ ಸದಾ ಅದನ್ನು ಸರಿಪಡಿಸುತ್ತಲೇ ಇರುತ್ತದೆ. ಯಾವ ಹ್ಯಾಂಡಲ್ ಹಾಕಿದರೂ ಆ ದಣಿವು ಹೋಗುವುದಿಲ್ಲ.

ಪೂರ್ತಿ ತಿರುಗಿಸಿದಾಗ ಟ್ಯಾಂಕಿಗೆ ತಾಗುತ್ತದೆ, ಎಂಜಿನ್ ತಾನೇ ರೇಸ್ ಆಗುತ್ತದೆ

ಹಿಂದಿನವರು ಹ್ಯಾಂಡಲ್ ಬದಲಿಸಿ ವೈರ್ ಬದಲಿಸದ ಗಾಡಿಗಳಲ್ಲಿ ಇದು ಸಿಗುತ್ತದೆ. ಮೈನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಒಂಚೂರೂ ಏರಬಾರದು. ಏರಿದರೆ ಆಕ್ಸಿಲರೇಟರ್ ವೈರ್ ಗಿಡ್ಡ ಅಥವಾ ತಪ್ಪು ದಾರಿಯಲ್ಲಿ ಹೋಗಿದೆ. ಯೂ ಟರ್ನ್ ನಡುವೆ ಗಾಡಿ ತಾನೇ ಮುಂದಕ್ಕೆ ನುಗ್ಗುವುದು ಹೀಗೆಯೇ. ಇದನ್ನು ಸರಿಪಡಿಸದೆ ರಸ್ತೆಗೆ ತರಬೇಡಿ.

ಕ್ಲಚ್, ಮುಂದಿನ ಬ್ರೇಕ್ ವೈರಿನಲ್ಲೂ ಎರಡೂ ಕಡೆ ಸ್ವಲ್ಪ ಸಡಿಲ ಉಳಿದಿರಬೇಕು. ಹಿಡಿಕೆ ಮತ್ತು ಟ್ಯಾಂಕಿನ ನಡುವೆ ಹೆಬ್ಬೆರಳು ಸಿಕ್ಕಿಹಾಕಿಕೊಳ್ಳದಷ್ಟು ಜಾಗ ಬೇಕು. ಹೆಡ್‌ಲೈಟ್ ಹಿಂದೆ ಬಗ್ಗಿ ನೋಡಿ: ವೈರಿನ ಕಪ್ಪು ಹೊದಿಕೆ ಒಂದೇ ಕಡೆ ಉಜ್ಜಿ ಹೊಳೆಯುತ್ತಿದ್ದರೆ, ಒಳಗಿನ ಲೋಹದ ಸುರುಳಿ ಇಣುಕುತ್ತಿದ್ದರೆ ಅಲ್ಲೇ ಅದು ಸಿಕ್ಕಿಹಾಕಿಕೊಳ್ಳುತ್ತಿದೆ.

ಹ್ಯಾಂಡಲ್ಲೇ ಬದಲಿಸಬೇಕು ಅಂತಾದರೆ: ಎರಡು ಪೆನ್ಸಿಲ್ ಸಾಕು

ಇಲ್ಲಿಗೆ ಬಂದಿದ್ದೀರಿ ಅಂದರೆ ಉಳಿದದ್ದೆಲ್ಲ ಸರಿಯಿದೆ. ಈಗ ಅಳತೆ.

ಯಾರಾದರೂ ಗಾಡಿ ನೇರ ಹಿಡಿಯಲಿ. ನೀವು ಕೂತು, ಕಾಲು ಫುಟ್‌ರೆಸ್ಟ್ ಮೇಲಿಟ್ಟು, ಎರಡೂ ಮುಷ್ಟಿಯಲ್ಲಿ ಒಂದೊಂದು ಪೆನ್ಸಿಲ್ ಹಿಡಿಯಿರಿ. ಕಣ್ಣು ಮುಚ್ಚಿ. ಭುಜ ಸಡಿಲ ಬಿಟ್ಟು, ಮೊಣಕೈ ಸ್ವಲ್ಪ ಮಡಚಿ, ಕೈ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿ. ಹ್ಯಾಂಡಲ್ ಎಲ್ಲಿದೆ ಅಂತ ಯೋಚಿಸಬೇಡಿ. ಕಣ್ಣು ತೆರೆದು ನೋಡಿ: ಮುಷ್ಟಿ ಈಗಿನ ಹಿಡಿಕೆಗಿಂತ ಎಷ್ಟು ಮೇಲಿದೆ, ಎಷ್ಟು ಹಿಂದಿದೆ, ಎರಡರ ನಡುವೆ ಎಷ್ಟು ಅಗಲ. ಪೆನ್ಸಿಲ್‌ಗಳು ನೇರ ಅಡ್ಡ ಇರುವುದಿಲ್ಲ. ಹೊರತುದಿ ಸ್ವಲ್ಪ ಕೆಳಗೆ, ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಆ ವಾಲಿಕೆಯೇ ನಿಮ್ಮ ಮಣಿಕಟ್ಟು ಕೇಳುತ್ತಿರುವ ಕೋನ. ಪಕ್ಕದಿಂದ, ಮೇಲಿಂದ ಮೊಬೈಲ್‌ನಲ್ಲಿ ಫೋಟೋ ತೆಗೆಸಿಕೊಳ್ಳಿ.

ಆಮೇಲೆ ಹಳೆ ಹ್ಯಾಂಡಲ್ ಬಿಚ್ಚಿ ಒಂದು ದೊಡ್ಡ ರಟ್ಟಿನ ಮೇಲಿಟ್ಟು ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ತುದಿಯಿಂದ ತುದಿಗೆ ಅಗಲ, ನಡುಭಾಗದಿಂದ ಎತ್ತರ, ಹಿಂದಕ್ಕೆ ಎಷ್ಟು ಬಾಗಿದೆ, ಹಿಡಿಕೆಯ ನೇರ ಭಾಗ ಎಷ್ಟು ಉದ್ದ ಅಂತ ಬರೆದುಕೊಳ್ಳಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಗ್ರಿಪ್, ಸ್ವಿಚ್ ಡಬ್ಬಿ, ಲಿವರ್ ಮೂರೂ ಆ ನೇರ ಭಾಗದಲ್ಲೇ ಕೂರಬೇಕು. ಬಾಗು ಬೇಗ ಶುರುವಾದರೆ ಲಿವರ್ ಕೂರುವುದೇ ಇಲ್ಲ.

ದಪ್ಪವೂ ಮುಖ್ಯ. ನಮ್ಮ ಹಳೆ ಗಾಡಿಗಳಲ್ಲಿ ಹೆಚ್ಚಿನವು 22 ಮಿಲಿಮೀಟರ್ ಪೈಪು, ಅಂದರೆ ಮುಕ್ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ. ದೊಡ್ಡ ಕ್ರೂಸರ್‌ಗಳಿಗೆ 25.4 ಬರುತ್ತದೆ. ನಡುವೆ ದಪ್ಪಗಿರುವ ಹೊಸ ಅಲ್ಯೂಮಿನಿಯಂ ಹ್ಯಾಂಡಲ್‌ಗಳ ನಡುಭಾಗ 28.6. ಅವು ಹಳೆ ಕ್ಲಾಂಪಿಗೆ ಕೂರುವುದಿಲ್ಲ. ಕೂರಿಸಲು ತಗಡಿನ ಚೂರು ತುರುಕುವುದು, ಕ್ಲಾಂಪ್ ಉಜ್ಜುವುದು ಮಾಡಿಸಬೇಡಿ. ಬ್ರೇಕ್ ಹಿಡಿದಾಗ ಹ್ಯಾಂಡಲ್ ಮುಂದಕ್ಕೆ ತಿರುಗಿಕೊಂಡರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ನಾನಾ ಪೇಠೆಯಲ್ಲಿ ಕೊಳ್ಳುವಾಗ

ಪುಣೆಯಲ್ಲಿ ಟೂ ವೀಲರ್ ಬಿಡಿಭಾಗ ಅಂದರೆ ನಾನಾ ಪೇಠೆ. ಆ ರಟ್ಟನ್ನೂ ಹಳೆ ಹ್ಯಾಂಡಲನ್ನೂ ತಗೊಂಡೇ ಹೋಗಿ. ಫೋಟೋ ತೋರಿಸಿ "ಈ ಥರದ್ದು ಕೊಡಿ" ಅಂದರೆ ಈ ಥರದ್ದೇ ಕೊಡುತ್ತಾರೆ, ಇದನ್ನಲ್ಲ.

ಪೈಪಿನ ತುದಿಯಲ್ಲಿ ಗೋಡೆಯ ದಪ್ಪ ನೋಡಿ. ಹಳೆಯದರ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಕೈಯಲ್ಲಿ ಎತ್ತಿದಾಗ ತೀರಾ ಹಗುರ ಅನಿಸಿದರೆ, ಅಯಸ್ಕಾಂತ ಅಂಟಿದರೆ, ಅದು ತೆಳು ಕಬ್ಬಿಣ. ಬಿಟ್ಟುಬಿಡಿ. ನಡುಭಾಗದಲ್ಲಿ ಕ್ಲಾಂಪ್ ಕಚ್ಚುವಲ್ಲಿ ಗೀಚು ಹಾಕಿದ ಒರಟು ಇರಬೇಕು. ನುಣುಪಾಗಿದ್ದರೆ ಜಾರುತ್ತದೆ. ಸಮತಟ್ಟಾದ ಕೌಂಟರಿನ ಗಾಜಿನ ಮೇಲಿಟ್ಟು ಎರಡೂ ತುದಿ ಒಂದೇ ಎತ್ತರದಲ್ಲಿವೆಯಾ ನೋಡಿ. ಹೊಸ ಹ್ಯಾಂಡಲ್ ಕೂಡ ಸೊಟ್ಟ ಇರುವುದುಂಟು.

ಸ್ವಿಚ್ ಡಬ್ಬಿಯ ಒಳಗೆ ಚಿಕ್ಕ ಮೊಳೆ ಇದ್ದು, ಹ್ಯಾಂಡಲಿನ ತೂತಿಗೆ ಕೂರುವ ಗಾಡಿಗಳಿವೆ. ಹೊಸದರಲ್ಲಿ ಆ ತೂತು ಸರಿಯಾದ ಜಾಗದಲ್ಲಿರಬೇಕು. ಇಲ್ಲದಿದ್ದರೆ ಅಳತೆ ಮಾಡಿ ಸಣ್ಣ ತೂತು ಕೊರೆಯಬಹುದು. ಆದರೆ ಕ್ಲಾಂಪಿನ ಹತ್ತಿರ ಎಲ್ಲೂ ಕೊರೆಯಬಾರದು. ಮೊಳೆಯನ್ನು ಕತ್ತರಿಸಿ ಹಾಕುವ ಮೇಸ್ತ್ರಿಗಳಿದ್ದಾರೆ. ಆಮೇಲೆ ಸ್ವಿಚ್ ಡಬ್ಬಿ ಆಕ್ಸಿಲರೇಟರ್ ಜೊತೆಗೇ ತಿರುಗುತ್ತದೆ.

ಎತ್ತರ ಒಂದು ಇಂಚಿಗಿಂತ ಜಾಸ್ತಿ ಏರಿದರೆ ಉದ್ದದ ವೈರ್‌ಗಳನ್ನೂ ಅಲ್ಲೇ ಕೊಂಡುಬಿಡಿ. ಡಿಸ್ಕ್ ಇರುವ ಗಾಡಿಯಾದರೆ ಬ್ರೇಕ್ ಪೈಪ್ ಸಾಲುತ್ತದಾ ಅಂತ ಮೊದಲು ಅಳೆಯಿರಿ. ಅದನ್ನು ಬಿಚ್ಚಿ ಹಾಕಿದರೆ ಬ್ರೇಕ್ ಆಯಿಲ್‌ನೊಳಗೆ ಸೇರಿದ ಗಾಳಿ ತೆಗೆಸಬೇಕು. ಮೊದಲ ಸಲ ಮಾಡುವವರು ಮನೆಯಲ್ಲಿ ಮಾಡುವ ಕೆಲಸವಲ್ಲ.

ಹಾಕುವಾಗ

ಮೊದಲು ಬ್ಯಾಟರಿಯ ಒಂದು ವೈರ್ ಬಿಚ್ಚಿ. ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿ. ಬಿಚ್ಚುವ ಮುನ್ನ ವೈರ್‌ಗಳು ಯಾವ ಕಡೆಯಿಂದ ಹೋಗಿವೆ ಅಂತ ಫೋಟೋ ತೆಗೆದಿಡಿ.

ಕ್ಲಾಂಪಿನ ಬೋಲ್ಟುಗಳನ್ನು ಸರಿಸಮ ಬಿಗಿ ಮಾಡಬೇಕೋ, ಮುಂದಿನದನ್ನು ಮೊದಲು ಪೂರ್ತಿ ಬಿಗಿದು ಹಿಂದೆ ಸಂದಿ ಬಿಡಬೇಕೋ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಆ ಮಾಡೆಲಿನ ಸರ್ವಿಸ್ ಪುಸ್ತಕ ಹೇಳಿದಂತೆ ಮಾಡಿ. ಜೋರಾಗಿ ಬಿಗಿದರೆ ಗಟ್ಟಿ ಅನ್ನುವುದು ಸುಳ್ಳು. ಹಳೆ ಅಲ್ಯೂಮಿನಿಯಂ ಟೀಯ ಥ್ರೆಡ್ ಕಿತ್ತುಬಂದರೆ ಹ್ಯಾಂಡಲಿಗಿಂತ ದೊಡ್ಡ ಖರ್ಚು.

ಗ್ರಿಪ್ ಹಾಕಲು ಎಣ್ಣೆ, ಗ್ರೀಸ್ ಹಚ್ಚಬೇಡಿ. ಮಳೆಗಾಲದಲ್ಲಿ ಎಡ ಗ್ರಿಪ್ ಕೈಗೇ ಬರುತ್ತದೆ. ಗ್ರಿಪ್ಪಿಗೆಂದೇ ಸಿಗುವ ಗಮ್ ಹಚ್ಚಿ, ಒಂದು ರಾತ್ರಿ ಒಣಗಲು ಬಿಡಿ.

ರಸ್ತೆಗೆ ಇಳಿಯುವ ಮುನ್ನ ಎಡ-ಬಲ ಪೂರ್ತಿ ತಿರುಗಿಸುವ ಪರೀಕ್ಷೆಯನ್ನು ಎಂಜಿನ್ ಚಾಲೂ ಇಟ್ಟು ಮತ್ತೆ ಮಾಡಿ. ಹಾರ್ನ್, ಇಂಡಿಕೇಟರ್, ಹೆಡ್‌ಲೈಟ್, ಮುಂದಿನ ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ದೀಪ, ಹ್ಯಾಂಡಲ್ ಲಾಕ್ ಎಲ್ಲ ನೋಡಿ. ಎರಡೂ ಕನ್ನಡಿ ಮತ್ತೆ ಹೊಂದಿಸಿ. ಮೊದಲ ಓಟ ಸೊಸೈಟಿಯ ಒಳಗೆ, ಎರಡನೆಯದು ಖಾಲಿ ರಸ್ತೆಯಲ್ಲಿ. ನವಲೆ ಸೇತುವೆಯ ಇಳಿಜಾರಿಗೆ ಅವತ್ತೇ ಹೋಗಬೇಡಿ. ಅಗಲ ಬದಲಾದಾಗ ಗಾಡಿ ತಿರುಗುವ ರೀತಿಯೇ ಬದಲಾಗುತ್ತದೆ, ಕೈಗೆ ರೂಢಿಯಾಗಲು ಹೊತ್ತು ಬೇಕು. ಒಂದೆರಡು ದಿನ ಓಡಿಸಿದ ಮೇಲೆ ಕ್ಲಾಂಪ್ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.

ಆರ್‌ಟಿಓ ವಿಷಯ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಮೂಲದ ಹತ್ತಿರದ ಆಕಾರದ ಹ್ಯಾಂಡಲ್ ಇಟ್ಟುಕೊಂಡರೆ ತಕರಾರು ಕಡಿಮೆ. ತಲೆಯೆತ್ತರದ ಹ್ಯಾಂಡಲ್ ಹಾಕಿಸಿದರೆ ಯಾರಾದರೂ ನಿಲ್ಲಿಸಿ ಕೇಳಿಯೇ ಕೇಳುತ್ತಾರೆ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸುವಾಗ ಗಾಡಿಯನ್ನು ತಪಾಸಣೆಗೆ ಒಯ್ಯಬೇಕಾಗುತ್ತದೆ. ಹಾಗಾಗಿ ಹಳೆ ಹ್ಯಾಂಡಲ್ ನೇರವಾಗಿದ್ದರೆ ಗುಜರಿಗೆ ಹಾಕಬೇಡಿ. ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಹಳೆ ವೈರ್‌ಗಳನ್ನೂ ಅದಕ್ಕೇ ಸುತ್ತಿ, ಅಟ್ಟದ ಮೇಲಿಡಿ.